ಲಾಲಸಾಬನ ಪಾಳಿ

ಆಗ ಶಹಾಬಾದಿನಲ್ಲಿ ಹೊತ್ತು ತಿಳಿಯಲು ಮನೆಯಲ್ಲಿ ಗಡಿಯಾರ ಇರಬೇಕೆಂದೇನೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೊಮ್ಮೆ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಹನ್ನೆರಡರ ಭೋಂಗಾ ಆದಕೂಡಲೇ ಕಲ್ಲಿನ ಖಣಿಗಳಲ್ಲಿ ಸುತ್ತಿಗೆಗಳು ನಿಲ್ಲುತ್ತಿದ್ದವು. ಕೂಲಿಯವರು ರೊಟ್ಟಿಗಂಟು ಬಿಚ್ಚುವ ಆ ಹೊತ್ತಿನಲ್ಲಿ ಊರು ಎಷ್ಟು ಸುಮ್ಮನಾಗುತ್ತಿತ್ತೆಂದರೆ, ಅವ್ವ ಒಳಗೆ ಶೇಂಗಾ ಹಿಂಡಿ ಕುಟ್ಟುವುದು ಓಣಿಗೆಲ್ಲ ಕೇಳುತ್ತಿತ್ತು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷ ಆಗಿತ್ತು. ನಮ್ಮ ಶಾಲೆಯ ಬೋರ್ಡಿನ ಮೇಲೆ ಮಾತ್ರ ಇನ್ನೂ ಹಳೆಯ ಹೆಸರೇ ಇತ್ತು. ನನಗೆ ಹದಿಮೂರು ವರ್ಷ.

ನಮ್ಮ ಮನೆಯ ಹಿಂದೆ ಒಂದು ಹಳೆಯ ಖಣಿ ಇತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ತೆಗೆದು ಕೈಬಿಟ್ಟ ದೊಡ್ಡ ಗುಂಡಿ. ಮಳೆನೀರು ತುಂಬಿ ಹಸಿರಾಗಿ ನಿಂತಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅದರ ದಂಡೆಗೆ ಹೋದರೆ ಪಾದ ತಣ್ಣಗಾಗುತ್ತಿತ್ತು. ಹನ್ನೆರಡರ ಭೋಂಗಾ ಆಗಿ ಎಲ್ಲ ಸುತ್ತಿಗೆ ನಿಂತ ಮೇಲೆ ಆ ಗುಂಡಿಯೊಳಗಿಂದ ಒಂದೇ ಒಂದು ಸುತ್ತಿಗೆಯ ಸಪ್ಪಳ ಬರುತ್ತದೆ ಎಂದು ಓಣಿಯ ಮಕ್ಕಳು ಹೇಳುತ್ತಿದ್ದೆವು. ಅಪ್ಪ ಬೇರೊಂದು ಖಣಿಯಲ್ಲಿ ಫರ್ಸಿ ಅಳೆಯುವ ಗುಮಾಸ್ತ. "ಬಿಸಲಿಗಿ ಕಲ್ಲು ಸೀಳತದ, ಅದರ ಸಪ್ಪಳ ಅದು. ಹುಚ್ಚರಂಗ ಮಾತಾಡಬ್ಯಾಡ್ರಿ," ಎಂದು ಬೈಯುತ್ತಿದ್ದ. ಇದ್ದರೂ ಇರಬಹುದು. ಆದರೆ ಆ ಹೊತ್ತಿನಲ್ಲಿ ಅಪ್ಪನೂ ಅತ್ತ ಹೋಗುತ್ತಿರಲಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಖಣಿಯ ದಂಡೆಯ ಮೇಲೆಯೇ ಇಮಾಮ ಚಾಚಾನ ಮನೆ. ನಲವತ್ತು ವರ್ಷ ಕಲ್ಲು ಒಡೆದ ಮನುಷ್ಯ. ಸುತ್ತಿಗೆ ಹಿಡಿದು ಹಿಡಿದು ಕೈಗೆ ನಡುಕ ಬಂದಿತ್ತು. ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಅಂಗಿಯ ಮೇಲೆಯೇ ಚೆಲ್ಲುತ್ತಿತ್ತು. ನನಗೆ ಎಂಟು ವರ್ಷವಿದ್ದಾಗಿನಿಂದ ಚದುರಂಗ ಕಲಿಸಿದವನು ಆತನೇ. ಪಡಸಾಲೆಯ ನೆಲದ ಮೇಲೆ ಇದ್ದಲಿಯಿಂದ ಮನೆ ಬರೆದು, ಮುರುಕು ಕಾಯಿ ಇಟ್ಟು ಆಡುತ್ತಿದ್ದೆವು. ಆತ ಬಾಯಲ್ಲಿ ಹೇಳುವುದು, ನಾನು ನಡೆಸುವುದು. ನನ್ನ ಕಾಯಿಯೂ ನಾನೇ ನಡೆಸಬೇಕು, ಆತನದೂ ನಾನೇ.

"ನನ್ನ ಕೈ ಅಂದ್ರ ನೀನೇ ಬೇಟಿ," ಎನ್ನುತ್ತಿದ್ದ. "ಯಾರರ ಕೇಳಿದ್ರ, ಇಮಾಮಸಾಬನ ಕೈ ಹದಿಮೂರು ವರ್ಷದ್ದು ಅಂತ ಹೇಳು."

ಆತ ಕಲಿಸಿದ್ದು ನಮ್ಮ ಕಡೆಯ ಆಟ. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಒಂದೊಂದೇ ಮನೆ ನಡೆಯುತ್ತದೆ. ಬಾದಶಹನಿಗೆ ಒಂದು ಸವಲತ್ತು ಉಂಟು: ಎದುರಿನವರು ಇನ್ನೂ ಶಹ ಕೊಟ್ಟು ಅವನನ್ನು ಬೆದರಿಸಿಲ್ಲದಿದ್ದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ, ಆತ ಕುದುರೆಯ ಹಾಗೆ ಜಿಗಿಯಬಹುದು. ಚಾಚಾ ಅದನ್ನು ಬಾದಶಹನ ಕುಣಿತ ಎನ್ನುತ್ತಿದ್ದ. ಯಾವಾಗ ಕುಣಿಸಬೇಕು ಎಂಬುದರಲ್ಲೇ ಆಟವೆಲ್ಲ ಇದೆ ಎಂದು ಆತನ ವಾದ.

ಪಡಸಾಲೆಯ ಮೂಲೆಯಲ್ಲಿ ಇನ್ನೊಂದು ಆಟವಿತ್ತು. ಎರಡು ಗುಂಡುಕಲ್ಲಿನ ಮೇಲೆ ಒಂದು ಫರ್ಸಿ, ಅದರ ಮೇಲೆ ಚಾಣದಿಂದ ಕೊರೆದ ಅರವತ್ತನಾಲ್ಕು ಮನೆ, ಚಿಂಚೋಳಿ ಅಡವಿಯ ಕಟ್ಟಿಗೆಯಲ್ಲಿ ಕೆತ್ತಿದ ಕಾಯಿಗಳು. ಆಟ ಅರ್ಧಕ್ಕೆ ನಿಂತಿತ್ತು. ಕಾಯಿಗಳ ಮೇಲೆ ಕಲ್ಲಿನ ಧೂಳು ಕೂತು ಬಿಳುಪು ಯಾವುದು ಕಪ್ಪು ಯಾವುದು ತಿಳಿಯದಷ್ಟಾಗಿತ್ತು. ಅದು ಚಾಚಾನ ತಮ್ಮ ಲಾಲಸಾಬನ ಆಟ. ನಾನು ಹುಟ್ಟುವ ಹಿಂದಿನ ವರ್ಷ, ಒಂದು ಮಧ್ಯಾಹ್ನ, ಹನ್ನೆರಡರ ಭೋಂಗಾ ಆದಮೇಲೆ ಅಣ್ಣತಮ್ಮ ರೊಟ್ಟಿ ತಿಂದು ಆಡಲು ಕೂತಿದ್ದರಂತೆ. ಸೀಳು ಬಿಟ್ಟ ಕಲ್ಲೊಂದು ಜೋತು ಬಿದ್ದಿದೆ, ಬಾ ಎಂದು ಖಣಿಯಿಂದ ಯಾರೋ ಲಾಲಸಾಬನನ್ನು ಕರೆದರು. ಅವನದೇ ಪಾಳಿ ಇತ್ತು. ಎದ್ದವನು, "ನನ್ನ ಬಾದಶಹ ಇನ್ನಾ ಕುಣಿದಿಲ್ಲ ಭಯ್ಯಾ. ಬಂದು ಕುಣಸ್ತೀನಿ, ಕಾಯಿ ಮುಟ್ಟಬ್ಯಾಡ," ಎಂದು ಹೇಳಿ ಹೋದ. ಕಲ್ಲು ಅವನ ಮೇಲೆಯೇ ಬಿತ್ತು. ಆಮೇಲೆ ಆ ಖಣಿಯಲ್ಲಿ ಕೆಲಸ ನಿಲ್ಲಿಸಿದರು.

ಒಂದು ಸಲ, ಹತ್ತು ವರ್ಷದವಳಿದ್ದಾಗ, ಧೂಳು ಒರೆಸೋಣವೆಂದು ನಾನು ಆ ಫರ್ಸಿಯ ಆಚೆ ಬದಿಗೆ ಕೂರಲು ಹೋಗಿದ್ದೆ. ಎಂದೂ ದನಿ ಎತ್ತದ ಚಾಚಾ ಗದರಿಸಿದ.

"ಆ ಬಾಜೂ ಕುಂದ್ರಬ್ಯಾಡ. ಅಲ್ಲಿ ಮಂದಿ ಅದಾರ."

ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ಅಂದು ಓಡಿಹೋಗಿ ಅವ್ವನ ಸೆರಗು ಹಿಡಿದವಳು ರಾತ್ರಿ ಊಟದವರೆಗೂ ಬಿಡಲಿಲ್ಲ.

ನಮ್ಮ ಶಾಲೆಗೆ ಹೊಸದಾಗಿ ಬಂದ ಡ್ರಿಲ್ ಮಾಸ್ತರ್ ಕಲ್ಲಪ್ಪನವರಿಗೆ ಚದುರಂಗದ ಹುಚ್ಚು. ನನ್ನ ಆಟ ನೋಡಿ ಹುಬ್ಬೇರಿಸಿದರು, ಆಮೇಲೆ ತಲೆ ಚಚ್ಚಿಕೊಂಡರು. "ಛಲೋ ಆಡ್ತಿ ಖರೇ, ಆದ್ರ ಹೊರಗಿನ ಮಂದಿ ಹಿಂಗ ಆಡಂಗಿಲ್ಲವ್ವ. ಇದನ್ನ ಪೂರಾ ಮರಿಬೇಕು ನೀ," ಎಂದರು. ಎಂಟು ತಿಂಗಳು ಮರೆಸಿದರು. ಪ್ಯಾದೆ ಮೊದಲ ಸಲ ಎರಡು ಮನೆ ಹೋಗುವುದು, ಆನೆಯ ಜೊತೆ ಸೇರಿಸಿ ರಾಜನಿಗೆ ಕೋಟೆ ಕಟ್ಟುವುದು, ಎಲ್ಲ ಕಲಿತೆ. ರಾಜ ಕುದುರೆಯಂತೆ ಜಿಗಿದರೆ ಬೆರಳ ಗೆಣ್ಣಿಗೆ ರೂಲು ಬೀಳುತ್ತಿತ್ತು. ಮೂರು ಸಲ ಬಿತ್ತು, ನಾಲ್ಕನೆಯದಕ್ಕೆ ನಾನು ಅವಕಾಶ ಕೊಡಲಿಲ್ಲ. ಗುಲಬರ್ಗಾದಲ್ಲಿ ಮಕ್ಕಳ ಪಂದ್ಯ ಗೆದ್ದೆ, ಬೆಂಗಳೂರಿನಲ್ಲಿ ಆಡಿ ಎರಡನೆಯವಳಾದೆ.

ಆ ಬೇಸಿಗೆಯಲ್ಲಿ ಪರದೇಶದಲ್ಲಿ ನಡೆಯುವ ಮಕ್ಕಳ ಪಂದ್ಯಕ್ಕೆ ದೇಶದ ತಂಡ ಆರಿಸುವುದಿತ್ತು. ಎಂಟು ಮಕ್ಕಳಲ್ಲಿ ನಾಲ್ವರನ್ನು ಆರಿಸುತ್ತಾರೆ. ಮುಂಬಯಿ, ಮದ್ರಾಸು, ಹೈದರಾಬಾದು ಎಲ್ಲ ಕಡೆಯ ಗಾಡಿಗಳೂ ಬಂದು ಸೇರುತ್ತವೆಂದು ಆ ಆಯ್ಕೆಯನ್ನು ನಮ್ಮ ಮಗ್ಗುಲಿನ ವಾಡಿಯಲ್ಲೇ ಇಟ್ಟರು. ನನ್ನ ಹೆಸರು ಒಂಬತ್ತನೆಯದು, ಯಾರಾದರೂ ತಪ್ಪಿದರೆ ಮಾತ್ರ. ಕಲ್ಕತ್ತೆಯ ಹುಡುಗನಿಗೆ ಜ್ವರ ಬಂದು ತಪ್ಪಿತು. ತಂತಿ ಬಂದ ದಿನ ಅಪ್ಪ ಗುಲಬರ್ಗಾಕ್ಕೆ ಹೋಗಿ, ನಲವತ್ತರ ಮೇಲೆ ಬಿಸಿಲಿರುವ ಊರಿಗೆ ಒಂದು ಕೆಂಪು ಸ್ವೆಟರ್ ತಂದ. ಆ ದೇಶದಲ್ಲಿ ಹಿಮ ಬೀಳುತ್ತದೆ ಎಂದು ಮಾಸ್ತರರು ಹೇಳಿದ್ದರು.

"ಹೆಣ್ಣುಹುಡುಗಿನ ಒಬ್ಬಾಕಿನ್ನ ವಿಮಾನದಾಗ ಕಳಸ್ತೀರೇನು," ಎಂದು ಅವ್ವ ರೇಗಿದಳು. ಮರುದಿನ ತಾನೇ ಆ ಸ್ವೆಟರನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿ ಬಂದಳು.

ನನಗೆ ಹೋಗಬೇಕಿತ್ತು. ಇದನ್ನು ಮುಚ್ಚಿಡುವುದೇನು? ಶಹಾಬಾದಿನ ಹುಡುಗಿಯರಲ್ಲಿ ನನ್ನನ್ನು ಬಿಟ್ಟರೆ ಯಾರೂ ಬೆಂಗಳೂರನ್ನೇ ನೋಡಿರಲಿಲ್ಲ. ನಾನು ಸಮುದ್ರ ದಾಟಬೇಕು ಎಂದು ಹಟ ಹಿಡಿದ ಹಾಗೆ ಬಯಸಿದೆ.

ನಾಲ್ಕು ದಿನ, ಏಳು ಆಟ. ದಿನವೂ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಮಾಸ್ತರರ ಜೊತೆ ವಾಡಿಗೆ ಹೋಗಿ ಸಂಜೆ ಬರುತ್ತಿದ್ದೆ. ಹೊರಡುವ ಮುಂಚೆ ಚಾಚಾನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಆತ ನನ್ನ ಬಲಗೈ ಹಿಡಿದು ಏನೋ ಪ್ರಾರ್ಥನೆ ಓದಿ ಅದರ ಮೇಲೆ ಊದುತ್ತಿದ್ದ. ಮೂರನೆಯ ಸಂಜೆಗೆ ಆರು ಆಟ ಮುಗಿದಿದ್ದವು. ಕೊನೆಯ ಆಟ ಗೆಲ್ಲಬೇಕಿರಲಿಲ್ಲ, ಸಮ ಮಾಡಿಕೊಂಡರೆ ನಾನು ನಾಲ್ಕನೆಯವಳು. ಅಪ್ಪ ಸ್ವೆಟರ್ ತೆಗೆದು ನನ್ನ ಭುಜಕ್ಕೆ ಹಿಡಿದು ಅಳತೆ ನೋಡಿದ.

ನಾಲ್ಕನೆಯ ಬೆಳಿಗ್ಗೆ ಚಾಚಾ ಊದಲಿಲ್ಲ. ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, "ಇವತ್ತ ಭಾಳ ತಣ್ಣಗ ಅದ ಬೇಟಿ," ಎಂದ. ಹೊರಗೆ ಏಳು ಗಂಟೆಗೇ ಬಿಸಿಲು ಸುಡುತ್ತಿತ್ತು.

ನನ್ನ ಎದುರಾಳಿ ಪುಣೆಯ ಕನ್ನಡಕದ ಹುಡುಗ. ಹತ್ತಕ್ಕೆ ಆಟ ಶುರುವಾಯಿತು. ನಾನು ನಿಧಾನಕ್ಕೆ ಆಡಿದೆ, ಎಲ್ಲೂ ಎಡವಲಿಲ್ಲ. ಆನೆಯನ್ನು ಮೊದಲೇ ಕದಲಿಸಿದ್ದರಿಂದ ಕೋಟೆ ಕಟ್ಟುವಂತಿರಲಿಲ್ಲ, ಆದರೆ ರಾಜನಿಗೆ ಅಪಾಯವೂ ಇರಲಿಲ್ಲ. ಅವನು ಒಂದು ಸಲವೂ ಶಹ ಕೊಟ್ಟಿರಲಿಲ್ಲ. ಇನ್ನು ಮಂತ್ರಿಗೆ ಮಂತ್ರಿ ಹೊಡೆದರೆ ಆಟ ಸಮ. ನಾನು ಹೊಡೆಯುವವಳಿದ್ದೆ. ಕೈ ಎತ್ತಿದ್ದೆ.

ವಾಡಿಯ ಕಾರ್ಖಾನೆಯ ಹನ್ನೆರಡರ ಭೋಂಗಾ ಕೂಗಿತು. ಅದು ನಿಂತಿತು. ಫ್ಯಾನು ತಿರುಗುವ ಸಪ್ಪಳವೂ ನನಗೆ ಕೇಳಲಿಲ್ಲ. ಆ ನಿಶ್ಶಬ್ದದೊಳಗೆ ಎಲ್ಲೋ, ಕಲ್ಲಿನ ಮೇಲೆ ಸುತ್ತಿಗೆ ಬಿತ್ತು. ಒಂದು. ಸ್ವಲ್ಪ ತಡೆದು ಇನ್ನೊಂದು.

ಮುಂದೆ ನಾನು ನೋಡಿದ್ದು ನನ್ನ ಕೈಯನ್ನು. ಅದು ರಾಜನನ್ನು ಎತ್ತಿತು, ಕುದುರೆಯ ಹಾಗೆ ಜಿಗಿಸಿತು, ಎರಡನೆಯ ಸಾಲಿನಲ್ಲಿ ಬಲದಂಚಿನಿಂದ ಎರಡನೆಯ ಮನೆಯಲ್ಲಿ ಇಟ್ಟಿತು. ಇಟ್ಟ ರೀತಿ ನನ್ನದಲ್ಲ. ನಾನು ಕಾಯಿಯನ್ನು ಸದ್ದಾಗದಂತೆ ಇಡುವವಳು. ಇದು ಚಾಣಕ್ಕೆ ಏಟು ಹಾಕಿದ ಹಾಗೆ ಟಣ್ ಎಂದಿತು.

ಪುಣೆಯ ಹುಡುಗ ಕನ್ನಡಕ ತೆಗೆದು ನನ್ನ ಮುಖ ನೋಡಿದ. ನಿರ್ಣಾಯಕರು ಬಂದು, ಇದು ನಡೆಯಲ್ಲ, ವಾಪಸು ಇಡು ಎಂದರು. ಆದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ರಾಜ ಹೋಗಬಹುದಾದ ಮನೆ ಒಂದೇ ಉಳಿದಿತ್ತು. ಅಲ್ಲಿಟ್ಟೆ. ಅವನ ಕುದುರೆ ಶಹ ಕೊಟ್ಟು, ಅದೇ ಏಟಿಗೆ ನನ್ನ ಮಂತ್ರಿಯನ್ನೂ ಹಿಡಿಯಿತು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಎದ್ದು ನಿಂತಾಗ ನನ್ನ ಬೆರಳ ತುದಿಗೆ ಬೂದು ಧೂಳು ಮೆತ್ತಿತ್ತು. ವಾಡಿಯಲ್ಲಿ ಧೂಳು ಇಲ್ಲದ ಜಾಗ ಯಾವುದಿದೆ, ಅದನ್ನೂ ಹೇಳಿಬಿಡುತ್ತೇನೆ.

ಮಾಸ್ತರರು ಬೈದಿದ್ದರೆ ಚೆನ್ನಾಗಿತ್ತು. ಗಾಡಿಯಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತ ಕೂತವರು, ಶಹಾಬಾದಿನಲ್ಲಿ ಇಳಿಯುವಾಗ, "ಆ ಮೂರು ಏಟಿನ ಮ್ಯಾಲ ಒಮ್ಮಿನೂ ತಪ್ಪಿದ್ದಿಲ್ಲ ನೀ," ಎಂದಷ್ಟೇ ಅಂದರು.

ನಾನು ಮನೆಗೆ ಹೋಗಲಿಲ್ಲ. ಸಂಜೆಯ ಬಿಸಿಲು ಇನ್ನೂ ಇತ್ತು, ನೇರ ಚಾಚಾನ ಮನೆಗೆ ನಡೆದೆ. ನನಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಇವನು ಕಲಿಸಿದ ಹಾಳು ಆಟದಿಂದಲೇ ನನ್ನದು ಹೋಯಿತು ಎಂದು ಬಾಯಿಗೆ ಬಂದದ್ದೆಲ್ಲ ಅನ್ನಬೇಕೆಂದಿದ್ದೆ. ಚಾಚಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಮುಂದೆ ಇಟ್ಟ ಚಹಾ ಕೆನೆಗಟ್ಟಿತ್ತು.

"ಬಾದಶಹನ ಕುಣಿಸಿದಿ," ಎಂದ. ಕೇಳಿದ್ದಲ್ಲ, ಹೇಳಿದ್ದು.

"ನಿನಗ ಯಾರ ಹೇಳಿದ್ರು?"

ಆತ ಮೂಲೆಯ ಕಡೆ ಕೈ ತೋರಿಸಿದ.

ನಾನು ಫರ್ಸಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಲಾಲಸಾಬನ ಬಾದಶಹ ತನ್ನ ಮನೆಯಲ್ಲಿರಲಿಲ್ಲ. ಅದು ಹದಿನಾಲ್ಕು ವರ್ಷ ನಿಂತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ದುಂಡನೆಯ ಗುರುತಿತ್ತು, ಒದ್ದೆಯಾದಂತೆ ಕಪ್ಪಗೆ. ಬಾದಶಹ ಎರಡನೆಯ ಸಾಲಿನಲ್ಲಿತ್ತು, ಅವನ ಬಲದಂಚಿನಿಂದ ಎರಡನೆಯ ಮನೆಯಲ್ಲಿ. ಸುತ್ತಲಿನ ಪ್ಯಾದೆಗಳ ಮೇಲೆ ಧೂಳು ಹಾಗೆಯೇ ಕೂತಿತ್ತು. ಒಂದು ಬೆರಳ ಗುರುತಿಲ್ಲ. ಚಾಚಾನ ಕೈಯಿಂದ ಅದು ಸಾಧ್ಯವೇ ಇರಲಿಲ್ಲ, ಆತ ಮುಟ್ಟಿದ್ದರೆ ಅರ್ಧ ಕಾಯಿಗಳು ನೆಲಕ್ಕೆ ಬೀಳುತ್ತಿದ್ದವು.

"ಹನ್ನೆರಡರ ಭೋಂಗಾ ಆಗಿತ್ತು," ಎಂದ ಚಾಚಾ. "ಟಣ್ ಅಂತು. ನಾ ನೋಡೋದ್ರಾಗ ಆಗಿ ಹೋಗಿತ್ತು." ಆ ಮೂಲೆಯ ಕಡೆಗೇ ನೋಡುತ್ತ, "ನೀ ನನ್ನ ಕೈ ಅಷ್ಟೇ ಅಂತ ತಿಳಕೊಂಡಿದ್ದೆ ಬೇಟಿ. ತಮ್ಮನೂ ಅಲ್ಲೇ ಕುಂತು ನೋಡ್ತಿದ್ನಲ್ಲ, ಇಷ್ಟು ವರ್ಷ. ಮಾಫ್ ಮಾಡು," ಎಂದು ಎರಡೂ ನಡುಗುವ ಕೈ ಜೋಡಿಸಿದ.

ನಾನು ಮಾಫ್ ಮಾಡಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬರಬೇಕು? ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಮುಂಚೆ ಬಂದ ಗಾಡಿಯಲ್ಲಿ ಯಾರೋ ಸುದ್ದಿ ತಂದಿರಬೇಕು, ಮುದುಕನೇ ಕಾಯಿ ಸರಿಸಿರಬೇಕು ಎಂದು ಅಪ್ಪ ಹೇಳಿದ. ನಾನೂ ಹೌದೆಂದೆ. ಅವ್ವ ಸ್ವೆಟರನ್ನು ಟ್ರಂಕಿನ ತಳದಲ್ಲಿ ಇಟ್ಟಳು.

ಮಳೆಗಾಲದಲ್ಲಿ ಕೊನೆಗೂ ಹೋದೆ. ಚಾಚಾ ಫರ್ಸಿಯ ಮುಂದೆ ಕೂತಿದ್ದ.

"ಈಗ ನಿನ್ನ ಪಾಳಿ ಅಲ್ಲೇನು? ಹೇಳು, ನಡಸ್ತೀನಿ," ಎಂದೆ.

"ಯಾಕ ಅವಸರ," ಎಂದು ನಕ್ಕ. "ಅವ ಹದಿನಾಲ್ಕು ವರ್ಷ ತಗೊಂಡಾನ. ನಾನೂ ತಗೋತೀನಿ." ಮುಂದಿನ ಚಳಿಗಾಲದಲ್ಲಿ ಚಾಚಾ ತೀರಿಕೊಂಡ. ತನ್ನ ನಡೆಯನ್ನು ಹೇಳಲಿಲ್ಲ.

ಈಗ ಆ ಖಣಿಯನ್ನು ಕಲ್ಲಿನ ಚೂರು ಹಾಕಿ ತುಂಬಿದ್ದಾರೆ. ಹನ್ನೆರಡರ ಭೋಂಗಾ ನಿಂತು ವರ್ಷಗಳಾದವು. ಬಾದಶಹ ಒಮ್ಮೆ ಕುಣಿಯಬಹುದು ಎಂದು ತಿಳಿದವರು ನಮ್ಮ ಓಣಿಯಲ್ಲಿ ನನ್ನ ಬಿಟ್ಟು ಯಾರೂ ಉಳಿದಿಲ್ಲ. ಆ ವರ್ಷ ಪರದೇಶಕ್ಕೆ ಹೋಗಿ ಬಂದ ನಾಲ್ವರ ಮೇಲಿನ ಹೊಟ್ಟೆಕಿಚ್ಚೂ ಆರಿಹೋಗಿದೆ. ಫರ್ಸಿ ನನ್ನ ಮನೆಯಲ್ಲಿದೆ, ಚಾಚಾ ಬಿಟ್ಟುಹೋದ ಆಟದ ಸಮೇತ. ಧೂಳು ಕೂರದಿರಲೆಂದು ಅದರ ಮೇಲೆ ಆ ಕೆಂಪು ಸ್ವೆಟರನ್ನು ಹೊದಿಸಿದ್ದೇನೆ.

ಬೇಸಿಗೆ ಬಂತೆಂದರೆ ಹನ್ನೆರಡರ ಹೊತ್ತಿಗೆ ಅದನ್ನು ತೆಗೆದು ಎದುರಿಗೆ ಕೂರುತ್ತೇನೆ. ಬಲಗೈಯನ್ನು ಫರ್ಸಿಯ ಅಂಚಿಗೆ ಸುಮ್ಮನೆ ಇಡುತ್ತೇನೆ. ಚಾಚಾನ ಪಾಳಿ ಇನ್ನೂ ಹಾಗೇ ಇದೆ. ಈಗ ನನ್ನ ಕೈಗೂ ಸ್ವಲ್ಪ ನಡುಕ ಬಂದಿದೆ, ಆದರೂ ಒಂದು ಕಾಯಿ ನಡೆಸುವಷ್ಟು ಗಟ್ಟಿ ಇದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರೂ ಈ ಕೈಯನ್ನು ಕೇಳಲಿಲ್ಲ.