ಪೂಜೆಗೆ ಕೂತ ಪಕ್ಕಡ

ಆಗೆಲ್ಲ ಎಷ್ಟು ಚೆಂದಿತ್ತು, ಹಬ್ಬವೆಂದರೆ ಹಬ್ಬ, ಜನವೆಂದರೆ ಜನ ಎಂದು ನನ್ನ ವಾರಗೆಯವರು ಬರೆಯುವುದನ್ನು ಓದುತ್ತೇನೆ. ಓದಿ, ಪೇಪರು ಮಡಚಿ ಅತ್ತ ಎಸೆಯುತ್ತೇನೆ. ಆ ದಿನಗಳು ನನಗೂ ನೆನಪಿವೆ. ಚೆಂಡುಹೂವಿನ ಘಾಟು, ಹುರಿದ ಶೇಂಗಾ ಬೆಲ್ಲದ ಜೊತೆ ಒರಳಲ್ಲಿ ಕುಟ್ಟುವಾಗ ಬರುವ ವಾಸನೆ ಈಗ ಎಲ್ಲಿಂದ ಬಂದರೂ ಮೊದಲು ಬಾಯಲ್ಲಿ ನೀರು ಬರುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನವಂತೂ ನನ್ನ ತಂಟೆಗೆ ಯಾರೂ ಬರುವುದಿಲ್ಲ.

ಆಗ ನಾವು ಕಾಳಗಿಯಲ್ಲಿದ್ದೆವು. ಊರು ಚಿತ್ತಾಪುರ ತಾಲೂಕಿಗೆ ಸೇರಿತ್ತು. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ಅಪ್ಪ ಮುತ್ಯಾ, ಮತ್ತು ಹನ್ನೊಂದು ವರ್ಷದ ನಾನು. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ಅವ್ವ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯವರ ಜಂಪರು ಹೊಲಿಯುತ್ತಿದ್ದಳು. ಆ ವರ್ಷ ಅಪ್ಪ ಯಾರೋ ಓಡಿಸಿ ಬೇಸತ್ತ ಬಿಳಿ ಕಾರೊಂದನ್ನು ತಂದಿದ್ದ. ನಮ್ಮ ಓಣಿಗೆ ಅದೇ ಮೊದಲ ಕಾರು. ಸಂಜೆಯಾದರೆ ಹುಡುಗರು ಚಿಣ್ಣಿಕೋಲು ಬಿಟ್ಟು ಬಂದು ಅದರ ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದರು.

ಆ ಕಾರಿಗೊಂದು ರೋಗವಿತ್ತು. ಸ್ಟೇರಿಂಗಿನ ಕೆಳಗೆ, ಬಲಗಾಲಿನ ಹತ್ತಿರ, ಬಾನೆಟ್ ತೆಗೆಯುವ ಲಿವರ್ ಸಡಿಲಾಗಿ ಜೋತಾಡುತ್ತಿತ್ತು. ಎಳೆದರೆ ಲಿವರಿನ ಜೊತೆ ಅದು ಕೂತ ಪಟ್ಟಿಯೂ ಕೈಗೆ ಬರುತ್ತಿತ್ತೇ ಹೊರತು ಒಳಗಿನ ತಂತಿಗೆ ಎಳೆತ ಮುಟ್ಟುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಹುಡುಕಿದ್ದ. ಸೀಟಿನ ಕೆಳಗೆ ಒಂದು ಪಕ್ಕಡ, ಅಂದರೆ ಇಕ್ಕಳ, ಇಟ್ಟುಕೊಂಡು, ಬಾನೆಟ್ ತೆಗೆಯಬೇಕಾದಾಗ ಅದರಿಂದ ತಂತಿಯ ತುದಿ ಕಚ್ಚಿ ಎಳೆಯುತ್ತಿದ್ದ. ರಿಪೇರಿ ಮಾಡಿಸಿರೆಂದು ಅವ್ವ ಎರಡು ತಿಂಗಳಿಂದ ಹೇಳುತ್ತಿದ್ದಳು. ಅಪ್ಪನದು ಒಂದೇ ಮಾತು, ಇರ್ಲಿ ಬಿಡು. ನಲ್ಲಿ ಸೋರಿದರೂ ಇರ್ಲಿ ಬಿಡು, ಬಾಗಿಲ ಚಿಲಕ ಕಳಚಿದರೂ ಇರ್ಲಿ ಬಿಡು. ನಮ್ಮ ಕಡೆ ಅರ್ಧ ಸಂಸಾರಗಳನ್ನು ಈ ಎರಡು ಶಬ್ದಗಳೇ ನಡೆಸುತ್ತವೆ, ಉಳಿದರ್ಧವನ್ನು ಹಾಳು ಮಾಡಿವೆ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಎದುರು ಮನೆಯ ಫೋನಿಗೆ ನನ್ನ ಆಯಿಯ ಕರೆ ಬಂತು. ಆಯಿ ಎಂದರೆ ಅವ್ವನ ತಾಯಿ, ತಾಂಡೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವನ ಜೊತೆ ಇದ್ದಳು. ಅವಳ ಕಣ್ಣು ವರ್ಷದಿಂದ ಮಂಜಾಗುತ್ತ ಬಂದು, ಈಗ ದೂರದ್ದು ಬಣ್ಣ ಮಾತ್ರ ತಿಳಿಯುವಷ್ಟಾಗಿತ್ತು. ಖಂಡೆ ಪೂಜೆಯ ದಿನದ ಗಾಡಿಗೆ ಮಾವ ಅವಳನ್ನು ಮುಂಬಯಿಗೆ ಆಪರೇಷನ್ನಿಗೆ ಕರೆದೊಯ್ಯುವವನಿದ್ದ. ಕಣ್ಣು ಬರುತ್ತದೋ, ಇದ್ದದ್ದೂ ಹೋಗುತ್ತದೋ ಹೇಳಲಾಗದು ಎಂದು ಡಾಕ್ಟರರೇ ಅಂದಿದ್ದರು. ಗಾಡಿ ಮಧ್ಯಾಹ್ನ ಮೂರಕ್ಕೆ ವಾಡಿ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಮಗಳ ಮುಖ ನೋಡಿ ಹೋಗಬೇಕೆಂಬುದು ಆಯಿಯ ಆಸೆ. ಫೋನಿನಲ್ಲಿ ಆಯಿ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದಳು, ಹಾಗಾಗಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಕೆಂಪು ಸೀರಿ ಉಟ್ಕೊಂಡು ನಿಂದ್ರು. ದೂರದಿಂದ ಬಣ್ಣ ಅಷ್ಟೇ ತಿಳೀತದ ನನಗ. ಹತ್ತಿರ ಬಂದ್ರ ಮಾರಿ ನೋಡಕೋತೀನಿ."

ಅವ್ವ ಅಂದೇ ಟ್ರಂಕಿನಿಂದ ಕೆಂಪು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಹಬ್ಬದ ದಿನ ಬಸ್ಸು ಕಡಿಮೆ, ಬೆಳಗಿನ ಬಸ್ಸಿಗೇ ಹೋಗಿಬಿಡೋಣ ಎಂದೂ ಹೇಳಿ ನೋಡಿದಳು. ಮನೆ ಮುಂದೆ ಕಾರಿರುವಾಗ ಹಬ್ಬದ ದಿನ ಹೆಂಡತಿ ಬಸ್ಸಿನಲ್ಲಿ ನಿಂತು ಹೋದರೆ ಜನ ಏನಂದಾರು ಎಂದು ಅಪ್ಪ ನಕ್ಕ. ಆ ನಗು ನನಗೆ ಈಗಲೂ ಕಾಣುತ್ತದೆ.

ಖಂಡೆ ಪೂಜೆಯ ಕಟ್ಟಳೆ ನಮ್ಮ ಮನೆಯಲ್ಲಿ ಬಿಗಿ. ಮನೆಯಲ್ಲಿದ್ದ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು, ದೇವರ ಮುಂದಿನ ಮಣೆಯ ಮೇಲೆ ಜೋಡಿಸಿ, ವಿಭೂತಿ ಕುಂಕುಮ ಹಚ್ಚಬೇಕು. ಒಮ್ಮೆ ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಆ ದಿನ ಉಳ್ಳಾಗಡ್ಡಿ ಹೆಚ್ಚಬೇಕೆಂದರೂ ಈಳಿಗೆ ಸಿಗದು. ಅವ್ವ ನಸುಕಿನಲ್ಲೇ ಎದ್ದು ಎಲ್ಲ ಹೆಚ್ಚಿಟ್ಟು ಆಮೇಲೆ ಈಳಿಗೆ ತೊಳೆದು ಕೊಡುತ್ತಿದ್ದಳು. ಸಾಮಾನು ಕೂಡಿಸುವುದು ಮಕ್ಕಳ ಕೆಲಸ. ಯಾರ ಮನೆಯ ಮಣೆ ಹೆಚ್ಚು ತುಂಬಿತು ಎಂದು ಓಣಿಯಲ್ಲಿ ನಮ್ಮ ನಮ್ಮಲ್ಲಿ ಪೈಪೋಟಿ. ಕುಡುಗೋಲು, ಕುರ್ಪಿ, ಅವ್ವನ ಕತ್ತರಿ, ಅಪ್ಪ ಎಮ್ಮೆಗಳಿಗೆ ಚುಚ್ಚುವ ದಪ್ಪ ಸೂಜಿ, ಒಂದನ್ನೂ ನಾನು ಬಿಡಲಿಲ್ಲ. ಮುತ್ಯಾ ಬೆನ್ನು ತಟ್ಟಿದ.

ಕಾರಿನ ಪೂಜೆಯೂ ಆಯಿತು. ಅಪ್ಪ ಪಕ್ಕಡದಿಂದ ತಂತಿ ಎಳೆದು ಬಾನೆಟ್ ಎತ್ತಿ, ಒದ್ದೆ ಬಟ್ಟೆಯಿಂದ ಇಂಜಿನ್ನು, ಬ್ಯಾಟರಿ ಒರೆಸಿ, ಕುಂಕುಮ ಹಚ್ಚಿ, ಧಪ್ಪೆಂದು ಮುಚ್ಚಿದ. ಪಕ್ಕಡವನ್ನು ಸೀಟಿನ ಮೇಲೆ ಬಿಟ್ಟು ಕುಂಬಳಕಾಯಿ ತರಲು ಹೋದ. ನಾನು ನೋಡಿದೆ, ಕಬ್ಬಿಣದ್ದು, ಮಣೆಯ ಮೇಲೆ ಇರಲಿಲ್ಲ. ತೆಗೆದುಕೊಂಡು ಹೋಗಿ, ತೊಳೆದು, ವಿಭೂತಿಯ ಮೂರು ಎಳೆ ಬಳಿದು ಕತ್ತರಿಯ ಪಕ್ಕ ಇಟ್ಟೆ. ಯಾರೂ ನೋಡಲಿಲ್ಲ. ಮುತ್ಯಾ ಕಾಯಿ ಒಡೆದು ಮಂಗಳಾರತಿ ಮಾಡಿದ.

ಒಂದು ಗಂಟೆಗೆ ಹೊರಟೆವು. ಅವ್ವ ಕೆಂಪು ಸೀರೆಯುಟ್ಟು, ಶೇಂಗಾ ಹೋಳಿಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು. ಅಪ್ಪ ಚಾವಿ ತಿರುಗಿಸಿದ. ಕಾರು ಉಸಿರೇ ಬಿಡಲಿಲ್ಲ. ಒರೆಸುವಾಗ ಬ್ಯಾಟರಿಯ ವೈರು ಕಳಚಿದೆಯೆಂದು ಅಪ್ಪನಿಗೆ ತಕ್ಷಣ ತಿಳಿಯಿತು. ಬಾನೆಟ್ ಎತ್ತಿ ಅದನ್ನು ಒತ್ತಿ ಕೂರಿಸಿದರೆ ಆಗಿಹೋಯಿತು. ಅಪ್ಪ ಸೀಟಿನ ಕೆಳಗೆ ಕೈ ಹಾಕಿದ. ಪಕ್ಕಡವಿರಲಿಲ್ಲ.

ಹುಡುಕುತ್ತ ಒಳಗೆ ಬಂದವನು ಮಣೆಯ ಮುಂದೆ ನಿಂತುಬಿಟ್ಟ. ಅಪ್ಪನಿಗಿಂತ ಮೊದಲೇ ಒಳಗೆ ಓಡಿಬಂದಿದ್ದ ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಕೈ ಚಾಚಿದ್ದೇ ತಡ, ಜಪಕ್ಕೆ ಕೂತಿದ್ದ ಮುತ್ಯಾ ಕಣ್ಣು ತೆರೆದ. ಪೂಜೆಗೆ ಕೂತದ್ದನ್ನು ಎಬ್ಬಿಸಕೂಡದು, ಮನೆಗೆ ಒಳ್ಳೆಯದಲ್ಲ ಎಂದ. ಅಪ್ಪ ಗಾಡಿಯ ಹೊತ್ತು ಹೇಳಿದ, ಅತ್ತೆಯ ಕಣ್ಣಿನ ಸಂಗತಿ ಹೇಳಿದ, ಕೈ ಮುಗಿದ. ಮುತ್ಯಾ ಮತ್ತೆ ಕಣ್ಣು ಮುಚ್ಚಿದ. ನಲವತ್ತು ದಾಟಿದ ನನ್ನ ಅಪ್ಪ, ಕೋಡು ಬೀಸುವ ಎತ್ತನ್ನು ಮೂಗುದಾಣ ಹಿಡಿದು ನಿಲ್ಲಿಸುತ್ತಿದ್ದವನು, ತನ್ನ ಅಪ್ಪನ ಮುಂದೆ ಒಂದು ಪಕ್ಕಡ ಎತ್ತಿಕೊಳ್ಳಲಾರದೆ ನಿಂತ. ಮುಪ್ಪಿನವರೆಂದು ನಾವು ಅಂಥವರನ್ನು ಕ್ಷಮಿಸುತ್ತೇವೆ. ನಾನು ಕ್ಷಮಿಸಿಲ್ಲ.

ಅವ್ವ ಹೊಸ್ತಿಲಲ್ಲಿ ಗಂಟು ಹಿಡಿದು ನಿಂತಿದ್ದಳು. ಸೊಸೆಯಾದವಳು ಮಾವನಿಗೆ ಎದುರು ಮಾತಾಡುವ ಮನೆಯಲ್ಲ ನಮ್ಮದು. ಅವಳು ಕೇಳಿದ್ದು ಒಂದೇ.

"ಯಾರಿಟ್ರು ಇದನ್ನ ಇಲ್ಲಿ?"

ಅಪ್ಪ ಪಕ್ಕಡವನ್ನೇ ನೋಡಿದ. ಅದರ ಮೇಲಿನ ವಿಭೂತಿಯ ಎಳೆಗಳು ಸೊಟ್ಟಗಿದ್ದವು. ಅಂಥ ಸೊಟ್ಟ ಎಳೆ ಬಳಿಯುವ ಕೈ ಆ ಮನೆಯಲ್ಲಿ ಯಾವುದೆಂದು ಅವನಿಗೆ ಗೊತ್ತಿತ್ತು. ಬಾಗಿಲ ಸಂದಿಯಲ್ಲಿ ನನ್ನ ಲಂಗವೂ ಕಾಣುತ್ತಿತ್ತು.

"ನಾನಽ ಇಟ್ಟೀನಿ. ಖಬರ್ ಇರ್ಲಿಲ್ಲ," ಎಂದ.

ಅವ್ವ ಅವನನ್ನು ಆಗ ನೋಡಿದ ರೀತಿಯಲ್ಲಿ ನನ್ನನ್ನು ಯಾರಾದರೂ ನೋಡಿದ್ದರೆ ನಾನು ಸತ್ತೇ ಹೋಗುತ್ತಿದ್ದೆ. ಬಾಗಿಲ ಹಿಂದಿನಿಂದ ನಾನು ಹೊರಗೆ ಬರಲಿಲ್ಲ.

ಆಮೇಲಿನದು ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಅಪ್ಪ ಬೆರಳಿನಿಂದ ತಂತಿ ಎಳೆಯಲು ಹೋಗಿ ಬೆರಳು ಕೊಯ್ದುಕೊಂಡ. ಓಣಿಯ ನಾಲ್ಕು ಜನ ಬಂದು ಕಾರು ದಬ್ಬಿದರು, ವೈರೇ ಕಳಚಿರುವಾಗ ದಬ್ಬಿದರೇನು ಬಂತು. ಬೆಳಗಿನ ಬಸ್ಸು ಹೋದ ಮೇಲೆ ಬೇರೆ ಬಸ್ಸಿರಲಿಲ್ಲ. ಅಪ್ಪ ಮನೆ ಮನೆಗೆ ಹೋಗಿ ಪಕ್ಕಡ ಕೇಳಿದ. ಎಲ್ಲರ ಮನೆಯಲ್ಲೂ ಪಕ್ಕಡವಿತ್ತು, ಎಲ್ಲರದೂ ಪೂಜೆಗೆ ಕೂತಿತ್ತು. ಊರಿನ ಗ್ಯಾರೇಜಿನಲ್ಲಿ ಪಾನಾ, ಸ್ಪ್ಯಾನರುಗಳಿಗೆಲ್ಲ ಹಾರ ಹಾಕಿ ಬೀಗ ಜಡಿದಿದ್ದರು. ಅಷ್ಟು ದೊಡ್ಡ ಊರಿನಲ್ಲಿ ತಂತಿ ಕಚ್ಚಿ ಎಳೆಯುವ ಒಂದು ಸಾಮಾನು ಸಿಗಲಿಲ್ಲ. ಜನ ಮಾತ್ರ ಬಹಳ ಮರುಗಿದರು, ಕೂತು ಹೋಳಿಗೆ ತಿಂದು ಹೋಗಿರೆಂದು ಕರೆದರು.

ಮುಕ್ಕಾಲು ತಾಸಿನ ಮೇಲೆ ಯಾರಿಗೋ ಮೌಲಾ ಚಾಚಾನ ನೆನಪಾಯಿತು. ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಹಬ್ಬಕ್ಕೆ ಗಿರಾಕಿ ಬಾರದೆಂದು ಅಂಗಡಿ ಮುಚ್ಚಿ ಊರಾಚೆಯ ಮನೆಯಲ್ಲಿ ಉಂಡು ಮಲಗಿದ್ದನಂತೆ. ಅಪ್ಪ ಓಡಿದ. ಚಾಚಾ ಸೈಕಲ್ಲಿನ ಹಿಂದೆ ಸಾಮಾನಿನ ಡಬ್ಬಿ ಕಟ್ಟಿಕೊಂಡು ಬಂದ. ತಾನಿರುವ ತನಕ ತನ್ನ ಪಕ್ಕಡಕ್ಕೆ ರಜಾ ಇಲ್ಲವೆಂದು ನಗಿಸಲು ನೋಡಿದ, ಅವ್ವನ ಮುಖ ಕಂಡು ಡಬ್ಬಿ ಬಿಚ್ಚಿದ.

ಅವನು ಕಾಲು ಹೊರಗೆ ಚಾಚಿ, ತಲೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿ ಮಲಗಿದ. ಪಕ್ಕಡದಿಂದ ತಂತಿ ಎಳೆದದ್ದೇ ಬಾನೆಟ್ ಟಕ್ ಎಂದು ಎದ್ದಿತು. ಅಪ್ಪ ವೈರು ಕೂರಿಸಲು ಆಚೆ ಹೋದ. ಚಾಚಾ ಏಳಲಿಲ್ಲ. ದಾರಿಯಲ್ಲಿ ಮತ್ತೆ ನಿಂತರೆ ಏನು ಮಾಡುತ್ತೀರಿ ಎಂದು ಬೈಯುತ್ತ ಲಿವರಿಗೆ ಕೈ ಹಚ್ಚಿದ. ಪಟ್ಟಿ ಹಿಡಿಯುವ ಎರಡು ತಿರುಪಿನಲ್ಲಿ ಒಂದು ಬಿದ್ದೇ ಹೋಗಿತ್ತು, ಇನ್ನೊಂದು ಅರ್ಧ ಬಿಚ್ಚಿತ್ತು. ಡಬ್ಬಿ ಕೆದಕಿ ಅದೇ ಅಳತೆಯ ತಿರುಪೊಂದನ್ನು ಹುಡುಕಿದ. ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಬಿಲ್ಲೆ ಮಾಡಿ ಪಟ್ಟಿಯ ಕೆಳಗೆ ಕೊಟ್ಟ. ಹಿಂದಿನ ಸಂದಿಗೆ ಅವನ ಕೈ ಹೋಗಲಿಲ್ಲ. ನನ್ನನ್ನು ಕರೆದ. ನಾನು ಎರಡು ಬೆರಳು ತೂರಿಸಿ ನಟ್ಟು ಹಿಡಿದೆ, ಅವನು ಈ ಕಡೆಯಿಂದ ತಿರುಪು ಬಿಗಿದ. ಕೆಳಗೆ ಪೆಟ್ರೋಲು ಮತ್ತು ಹಳೆ ರಗ್ಗಿನ ವಾಸನೆ. ನಟ್ಟು ಎರಡು ಸಲ ಜಾರಿತು. ಬಿಗಿದಾದ ಮೇಲೆ ಎಳೆದು ನೋಡೆಂದ, ಎಳೆದೆ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು, ತಂತಿ ಒಂದೇ ಸಲಕ್ಕೆ ಬಂತು. ಅಪ್ಪ ಆಚೆ ವೈರು ಬಿಗಿದು ಕೈ ಒರೆಸಿಕೊಳ್ಳುವಷ್ಟರಲ್ಲಿ ಈ ಕೆಲಸ ಮುಗಿದಿತ್ತು.

"ಇಷ್ಟಕ್ಕ ಎರಡು ತಿಂಗಳು ಪಕ್ಕಡ ಹಿಡಕೊಂಡು ತಿರಗಿದ್ರೇನ್ರಿ ಸಾಹೇಬ್ರ?" ಎಂದು ಚಾಚಾ ಕೇಳಿದ. ಅಪ್ಪ ಬಾನೆಟ್ ಮುಚ್ಚಿ ಬಂದು ಚಾವಿ ತಿರುಗಿಸಿದ.

ಎರಡೂ ಕಡೆ ಹಸಿರು ತೊಗರಿ, ನಡುವೆ ಕುಣಿ ಬಿದ್ದ ರಸ್ತೆ. ಚಿತ್ತಾಪುರ ದಾಟುವಾಗಲೇ ಅಪ್ಪನ ವಾಚಿನಲ್ಲಿ ಮೂರಾಗಿತ್ತು. ಗಾಡಿ ದಿನಾ ತಡವಾಗಿಯೇ ಬರುತ್ತದೆ, ಸಿಗುತ್ತದೆ ಎಂದು ಅಪ್ಪ ಒಂದು ಸಲ ಅಂದ. ನಿಜ, ದಿನಾ ತಡವಾಗಿಯೇ ಬರುತ್ತಿತ್ತು. ಅಂದು ಮಾತ್ರ ಸರಿಯಾದ ಹೊತ್ತಿಗೆ ಬಂದು, ಸರಿಯಾದ ಹೊತ್ತಿಗೆ ಹೋಗಿತ್ತು. ವಾಡಿ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಅವ್ವ ಓಡಿದಾಗ ಪ್ಲಾಟ್‌ಫಾರ್ಮಿನಲ್ಲಿ ಚಹಾದವನು ಲೋಟ ತೊಳೆಯುತ್ತಿದ್ದ. ಹೋಗಿ ಹತ್ತು ನಿಮಿಷವಾಯಿತೆಂದ.

ಸಿಮೆಂಟ್ ಧೂಳು ಕೂತ ಹಾಸುಗಲ್ಲಿನ ಮೇಲೆ ಅವ್ವ ಕೂತಳು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು, ಶಹಾಬಾದಿನ ಕಡೆಗೆ ಹೋದ ಹಳಿಗಳನ್ನು ನೋಡುತ್ತ ಕೂತಳು. ಮುಂದಿನ ಗಾಡಿಯ ಜನ ಬಂದು ಸೇರಿದರು, ಅವರ ನಡುವೆ ಅವಳೊಬ್ಬಳೇ ಕೆಂಪಗೆ ಕಾಣುತ್ತಿದ್ದಳು. ಹೋಳಿಗೆಯ ಗಂಟು ಬಿಚ್ಚದೆ ಮನೆಗೆ ವಾಪಸು ಬಂತು. ಮರುದಿನ ಬನ್ನಿ ಹಂಚುವಾಗ ಅವ್ವ ಎಲ್ಲರಿಗೂ ಕೊಟ್ಟಳು, ಅಪ್ಪನಿಗೆ ಕೊಡಲಿಲ್ಲ.

ಆಪರೇಷನ್ನಿನಿಂದ ಆಯಿಗೆ ಕಣ್ಣು ಬರಲಿಲ್ಲ, ಬಣ್ಣವೂ ಹೋಯಿತು. ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ವಾಡಿಯಲ್ಲಿ ಗಾಡಿ ನಿಂತಷ್ಟೂ ಹೊತ್ತು ಕಿಡಕಿಗೆ ಮುಖ ಹಚ್ಚಿ, ಕೆಂಪು ಕಂಡಾಗಲೆಲ್ಲ ಇವಳೇನು, ಇವಳೇನು ಎಂದು ಕೇಳಿದಳೆಂದು ಮಾವ ಆಮೇಲೆ ಹೇಳಿದ. ನಾವು ಹೋದಾಗಲೆಲ್ಲ ಅವ್ವನ ಹಣೆ, ಮೂಗು, ಗದ್ದ ಸವರಿ ನೋಡುತ್ತಿದ್ದಳು. ಸವರಿ, ಪ್ರತಿ ಸಲವೂ ಒಂದೇ ಪ್ರಶ್ನೆ.

"ಅವತ್ತ ಕೆಂಪು ಸೀರಿ ಉಟ್ಟಿದ್ದೇನವ್ವ?"

"ಉಟ್ಟಿದ್ದೆ," ಎನ್ನುತ್ತಿದ್ದಳು ಅವ್ವ.

ಮೌಲಾ ಚಾಚಾ ಬಿಗಿದ ಆ ತಿರುಪು, ಕಾರು ಮಾರುವ ತನಕ ಸಡಿಲಾಗಲಿಲ್ಲ.

ಈಗ ನನಗೂ ಒಂದು ಕಾರಿದೆ. ಅದರಲ್ಲಿ ಏನು ಅಲುಗಾಡಿದರೂ ಆ ದಿನವೇ ಕೂತು ಬಿಗಿಯುತ್ತೇನೆ. ಖಂಡೆ ಪೂಜೆಗೆ ನನ್ನ ಪಕ್ಕಡವನ್ನು ಇಡುವುದಿಲ್ಲ. ಕಾಳಗಿಯಿಂದ ವಾಡಿಗೆ ರಸ್ತೆಯೂ ನೆಟ್ಟಗಾಗಿದೆ. ಆಯಿ ಸೀಟಿನಲ್ಲಿ ಕೂತೇ ಮಗಳಿಗೆ ಫೋನು ಮಾಡಬಹುದಾದ ಕಾಲವಿದು. ಯಾವುದು ಬಂದರೇನು, ಆಯಿ ಇಲ್ಲ. ಮುತ್ಯಾ ಇಲ್ಲ. ಹೋದ ಚಳಿಗಾಲದಲ್ಲಿ ಅಪ್ಪನೂ ಹೋದ. ಅಪ್ಪನ ಮೇಲಿನ ಸಿಟ್ಟು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಎರಡು ತಿಂಗಳು ಐದು ನಿಮಿಷದ ಕೆಲಸ ಮಾಡಲಿಲ್ಲವೆಂದು ಸಿಟ್ಟು, ತನ್ನ ಅಪ್ಪನಿಗೆ ಹೆದರಿದನೆಂದು ಸಿಟ್ಟು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಅವನು ಹೇಳಿದ ಆ ಒಂದು ಸುಳ್ಳಿನದು. ಆ ಸುಳ್ಳಿನಿಂದಾಗಿ ಅವನನ್ನು ಮನಸಾರೆ ಬೈಯಲೂ ನನಗೆ ಬಾಯಿಲ್ಲದ ಹಾಗಾಯಿತು. ಅದರ ಬಗ್ಗೆ ನನ್ನ ಹತ್ತಿರ ಒಂದು ದಿನವೂ ಅವನು ಎತ್ತಿ ಆಡಲಿಲ್ಲ.

ಈ ವರ್ಷವೂ ಮಣೆ ತೊಳೆಯುತ್ತ ಅವ್ವ ಅಂದಳು, ಅವತ್ತು ನಿಮ್ಮಪ್ಪ ಪಕ್ಕಡ ಇಡದಿದ್ದರೆ ನಮ್ಮವ್ವ ನನ್ನ ಮುಖ ನೋಡುತ್ತಿದ್ದಳು ಎಂದು. ಹನ್ನೊಂದನೆಯ ವಯಸ್ಸಿನಿಂದ ಕೇಳುತ್ತ ಬಂದ ಮಾತು. ಈ ಸಲವೂ ನಾನು ಹೂಂ ಎಂದೆ, ಸತ್ತವನ ಮೇಲೆ ಹೊರಿಸಿ.

ನಾನು ಬರೆದದ್ದು ಎಲ್ಲಿ ಅಚ್ಚಾದರೂ ಅವ್ವ ಕನ್ನಡಕ ಹುಡುಕಿ ಹಾಕಿಕೊಂಡು ಕೊನೆಯ ಸಾಲಿನ ತನಕ ಓದುತ್ತಾಳೆ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಅವ್ವಾ, ಪಕ್ಕಡ ಇಟ್ಟದ್ದು ಅಪ್ಪ ಅಲ್ಲ. ನಾನು.