ನಾನು ನುಂಗಿಸಿದ ಮಾತು

ಹೊಸಮನಿ ಸರ್, ಇಲ್ಲಿನ ಪೊಲೀಸ್ ಕೆಲಸ ನಿಮಗೆ ಸಿಗದಂತೆ ಮಾಡಿದ್ದು ನಾನು. ನಿಮ್ಮ ಇಂಗ್ಲಿಷ್ ಅಲ್ಲ, ವಯಸ್ಸಲ್ಲ, ಬಣ್ಣವೂ ಅಲ್ಲ — ನಿಮ್ಮ ಹೆಂಡತಿ ಸವಿತಾ ನಾಲ್ಕು ವರ್ಷದಿಂದ ಅವನ್ನೆಲ್ಲ ಒಂದೊಂದಾಗಿ ದೂರುತ್ತಿದ್ದರೆ ನಾನು ಎದುರಿಗೆ ಕೂತು ತಲೆಯಾಡಿಸಿದ್ದೇನೆ. ನಾನು ನಿಮಗೆ ತಪ್ಪು ಹೇಳಿಕೊಟ್ಟೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ನೀವು ಸೋಲಬೇಕೆಂದೇ.

ನಾನು ಯಾರೆಂದು ನಿಮಗೆ ಇವತ್ತಿಗೂ ತಿಳಿಯದು. ಸವಿತಾಳ ಜೊತೆ ಈ ಪರದೇಶದ ಕ್ರೈಸ್ಟ್‌ಚರ್ಚ್ ನಗರದ ಆಸ್ಪತ್ರೆಯಲ್ಲಿ ಒಂದೇ ವಾರ್ಡಿನಲ್ಲಿ ದುಡಿಯುವ ನರ್ಸ್ ರೂತ್, ನಿಮ್ಮ ಕಡೆಯ ಕನ್ನಡ ಮಾತಾಡುವವಳು, ಅಷ್ಟೇ. ಹಾಗಾದರೆ ಕೇಳಿ. ನಾನು ಸ್ಯಾಮುವೆಲ್‌ನ ಅಕ್ಕ. ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಹುಡುಗ — ಮಾಲೀಕನ ಕ್ಯಾಮೆರಾ ಕದ್ದನೆಂದು ನೀವು ಎಳೆದುಕೊಂಡು ಹೋದಿರಲ್ಲ, ಅವನ ಅಕ್ಕ.

ಆಗ ನೀವು ನಮ್ಮ ಊರಿನ ಠಾಣೆಗೆ ಹೊಸದಾಗಿ ಬಂದ ಸಬ್‌ಇನ್‌ಸ್ಪೆಕ್ಟರ್. ನಾನಿನ್ನೂ ನರ್ಸಿಂಗ್ ಓದುತ್ತಿದ್ದೆ. ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು, ನಾನು ಅವಳ ಬೆನ್ನಿಗೆ ನಿಂತಿದ್ದೆ. ನೀವು ತಲೆ ಎತ್ತಿ ನೋಡಲೂ ಇಲ್ಲ. "ಏಯ್, ಹೊರಗ ನಿಲ್ರಿ. ಅಂವ ಬಾಯಿ ಬಿಟ್ಟ ಮ್ಯಾಲೆ ಊಟ," ಎಂದಿರಿ. ಆಮೇಲೆ ಒಳಗಿನಿಂದ ಕೇಳಿಸಿದ್ದನ್ನು ನಾನು ಬರೆಯಲಾರೆ. ಮೂರನೆಯ ದಿನ ಕ್ಯಾಮೆರಾ ಮಾಲೀಕನ ಅಳಿಯನ ಹತ್ತಿರವೇ ಸಿಕ್ಕಿತು. ಸ್ಯಾಮುವೆಲ್‌ನನ್ನು ಬಿಟ್ಟಿರಿ. ಅವನ ಎಡಗಿವಿಯ ತಮಟೆ ಹರಿದಿತ್ತು, ಆ ಕಿವಿ ಮತ್ತೆ ಕೇಳಿಸಲಿಲ್ಲ. ಕಳ್ಳನೆಂಬ ಹೆಸರು ಮಾತ್ರ ಊರಿನಲ್ಲಿ ಉಳಿದುಕೊಂಡಿತು, ಯಾಕೆಂದರೆ ಹಿಡಿದದ್ದನ್ನು ಎಲ್ಲರೂ ನೋಡಿದ್ದರು, ಬಿಟ್ಟದ್ದನ್ನು ಯಾರೂ ಸಾರಲಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಭೂಮಿಯ ಈ ತುದಿಯಲ್ಲಿ, ಸವಿತಾ ಊಟಕ್ಕೆ ಕರೆದಳೆಂದು ಬಂದರೆ — ಜೋಳದ ರೊಟ್ಟಿಯ ತಾಟು ಹಿಡಿದು ನೀವು ಬಾಗಿಲಿಗೆ ಬಂದಿರಿ! "ಬಾ ತಂಗೀ, ಒಳಗ ಬಾ," ಎಂದಿರಿ. ತಂಗಿಯಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಕೂತು ಉಂಡೆ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ, ಏಕೆಂದರೆ ಅಷ್ಟರಲ್ಲಿ ನಿಮ್ಮ ಪಾಡು ನನಗೆ ತಿಳಿದಿತ್ತು. ಹೆಂಡತಿಯ ವೀಸಾದ ಮೇಲೆ ಬಂದಿದ್ದೀರಿ. ಹನ್ನೊಂದು ವರ್ಷದ ಸರ್ವಿಸ್ ಇಲ್ಲಿ ಲೆಕ್ಕಕ್ಕೇ ಇಲ್ಲ. ರಿಕ್ಕರ್ಟನ್ ಬಡಾವಣೆಯ ಮಾಲ್‌ನಲ್ಲಿ ಹಳದಿ ಜಾಕೆಟ್ ತೊಟ್ಟು ಸೆಕ್ಯುರಿಟಿ ಕೆಲಸ.

ಆಮೇಲೆ ನಾನು ತರಕಾರಿಗೂ ಅದೇ ಮಾಲ್‌ಗೆ ಬರತೊಡಗಿದೆ. ನಮ್ಮ ಮನೆಯ ಹತ್ತಿರವೇ ಅಂಗಡಿಗಳಿದ್ದವು, ಆದರೂ. ಒಮ್ಮೆ ಕಾಲಲ್ಲಿ ತಳ್ಳುವ ಸ್ಕೂಟರ್ ಮೇಲೆ ಬಂದ ಶಾಲೆಯ ಹುಡುಗರು ನಿಮ್ಮ ನಡಿಗೆಯನ್ನೇ ಅಣಕಿಸುತ್ತ ಹಿಂದೆ ಹಿಂದೆ ಬಂದರು. ನೀವು "ಪ್ಲೀಸ್, ಬಾಯ್ಸ್, ಪ್ಲೀಸ್," ಎನ್ನುತ್ತಿದ್ದಿರಿ. ನಾನು ಕಂಬದ ಪಕ್ಕ ಕಾಫಿ ಹಿಡಿದು ಪೂರ್ತಿ ನೋಡಿದೆ. ಸಂತೋಷವಾಯಿತು — ಬೇರೆ ಪದ ಹುಡುಕುವುದಿಲ್ಲ, ಸಂತೋಷವೇ.

ಇಲ್ಲಿನ ಪೊಲೀಸ್ ಇಲಾಖೆಗೆ ಅರ್ಜಿ ಹಾಕುತ್ತೀರೆಂದು ಕೇಳಿದಾಗ ನನ್ನ ನೆಮ್ಮದಿ ಕೆಟ್ಟಿತು. ಹೊಸ ಹುಡುಗರ ಜೊತೆ ಮೊದಲಿನಿಂದ ಶುರುಮಾಡಬೇಕಿತ್ತು ನೀವು. ಅದಕ್ಕೂ ತಯಾರಾದಿರಿ. ನೀರು ಕಂಡರೆ ದೂರ ನಿಲ್ಲುತ್ತಿದ್ದವರು ಆಯ್ಕೆಗೆ ಬೇಕೆಂದು ಪುಟ್ಟ ಮಕ್ಕಳ ಪಕ್ಕದಲ್ಲಿ ಈಜು ಕಲಿತಿರಿ, ಚಳಿಯಲ್ಲಿ ಪಾರ್ಕ್ ಸುತ್ತಿ ಓಡಿದಿರಿ, ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿದಿರಿ. ಉಳಿದದ್ದು ಸಂದರ್ಶನ ಒಂದೇ. ಸವಿತಾ ನನ್ನ ಕೈ ಹಿಡಿದು ಕೇಳಿದಳು: "ನಾ ಹೇಳಿದ್ರ ನಮ್ಮವ್ರು ಕೇಳೂದಿಲ್ಲ. ನೀನೂ ಇಂಟರ್‌ವ್ಯೂ ಪಾಸಾದಾಕಿ, ಅವ್ರಿಗೆ ಸ್ವಲ್ಪ ಹೇಳಿಕೊಡು." ನಾನು ಒಪ್ಪಿಕೊಂಡೆ. ಏನು ಮಾಡಬೇಕೆಂದು ಆಗ ನನಗೂ ಗೊತ್ತಿರಲಿಲ್ಲ. ಏನೋ ಒಂದು ಮಾಡುತ್ತೇನೆಂದು ಮಾತ್ರ ಗೊತ್ತಿತ್ತು.

ಭಾನುವಾರ ನಾನು ಚರ್ಚ್ ಮುಗಿಸಿ ಬಂದ ಮೇಲೆ ನಮ್ಮ ಮನೆಯ ಊಟದ ಮೇಜಿನ ಎದುರುಬದುರು ಕೂರುತ್ತಿದ್ದೆವು. ನಾನು ಪ್ರಶ್ನೆ ಕೇಳುವವಳು, ನೀವು ಉತ್ತರ ಕೊಡುವವರು. ಆ ಅದಲುಬದಲು ನನಗೆ ಎಷ್ಟು ಹಿತವಾಗಿತ್ತೆಂದರೆ… ಇರಲಿ. ಒಂದು ದಿನ ಇಲ್ಲಿ ಎಲ್ಲ ಕೆಲಸಕ್ಕೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ನಿಮ್ಮ ಕೆಲಸದಲ್ಲಿ ಮಾಡಿದ ಒಂದು ತಪ್ಪು ಹೇಳಿ, ಅದರಿಂದ ಏನು ಕಲಿತಿರಿ? ನೀವು ಮೇಜಿನ ಮೇಲೆ ಬೆರಳಾಡಿಸುತ್ತ ಹೇಳಿದಿರಿ:

"ಒಂದ ಐತಿ ತಂಗೀ. ಹೇಳಬೇಕೋ ಬ್ಯಾಡೋ ಗೊತ್ತಾಗವಲ್ದು. ಸ್ಯಾಮುವೆಲ್ ಅಂತ ಒಬ್ಬ ಹುಡುಗ. ಕಳುವು ಮಾಡಿದ್ದಿಲ್ಲ ಅಂವ. ನಾ ಹೊಸಬ, ಮ್ಯಾಲಿನವ್ರಿಗೆ ಲಗೂನ ಕೇಸ್ ಕ್ಲೋಸ್ ಮಾಡಿ ತೋರಿಸಬೇಕಿತ್ತು. ಕಿವಿಗೆ ಹೊಡದೆ. ಬಿಡೂಮುಂದ ಅವರವ್ವ ನನಗ ಕೈ ಮುಗದು ಹೋದ್ಲು. ಬೈದಿದ್ರ ಮರೀತಿದ್ನೇನೋ. ಅವತ್ತಿನಿಂದ ಲಾಕಪ್ಪಿನ್ಯಾಗ ನಾ ಯಾರ ಮ್ಯಾಲೂ ಕೈ ಎತ್ತಿಲ್ಲ. ಅದಕ್ಕ ಮೆತ್ತನ್ನಾಂವ ಅಂತ ಹೆಸರ ಇಟ್ರು, ಟ್ರಾನ್ಸ್‌ಫರ್ ಮ್ಯಾಲೆ ಟ್ರಾನ್ಸ್‌ಫರ್ ಮಾಡಿದ್ರು."

ನಿಮ್ಮ ಕಣ್ಣಲ್ಲಿ ನೀರಿತ್ತು. ನೀವು ಹೋದ ಮೇಲೆ ನನ್ನ ಮಗಳು, "ಅಮ್ಮಾ, ವೈ ವಾಸ್ ಅಂಕಲ್ ಕ್ರೈಯಿಂಗ್?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ನಾನು ಕರಗಿದೆನೇ? ಇಲ್ಲ. ಕರಗಿದ್ದೆನೆಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ನನ್ನ ತಮ್ಮನ ಕಿವಿ ಹೋಯಿತು, ನಿಮಗೆ ಅದರಿಂದ ಒಂದು ಒಳ್ಳೆಯ ಉತ್ತರ ಸಿಕ್ಕಿತು! ನನ್ನ ಅವ್ವ ಕೈ ಮುಗಿದದ್ದನ್ನು ಹೇಳಿ ನೀವು ಮತ್ತೆ ಯೂನಿಫಾರ್ಮ್ ತೊಡುವುದೇ? ಅವಳ ಆ ಎರಡು ಕೈ… ಅದನ್ನು ನಾನು ನಿಮಗೆ ಬಿಟ್ಟುಕೊಡಲಾರೆ ಅನ್ನಿಸಿತು.

ಅದಕ್ಕೇ, ನೀವಿನ್ನೂ ಎದುರಿಗೆ ಕೂತು ಕಣ್ಣೊರೆಸಿಕೊಳ್ಳುತ್ತಿರುವಾಗಲೇ, ನಾನು ಮೆಲ್ಲಗೆ, ನಿಮ್ಮ ಒಳ್ಳೆಯದಕ್ಕೇ ಎಂಬಂತೆ ಹೇಳಿದೆ: "ಸರ್, ಇದನ್ನ ಅಲ್ಲಿ ಬಾಯಿ ಬಿಡಬ್ಯಾಡ್ರಿ. ಹೊಡದಿದ್ದು ಗೊತ್ತಾದ್ರ ಮುಗೀತು, ಸವಿತಾನ ಕೆಲಸಕ್ಕೂ ಕುತ್ತು ಬರ್ತೈತಿ. ಹನ್ನೊಂದ ವರ್ಷದಾಗ ಒಂದೂ ತಪ್ಪು ಮಾಡಿಲ್ಲ ಅಂತ ಗಟ್ಟಿಯಾಗಿ ಹೇಳ್ರಿ. ಇವ್ರಿಗೆ ಕಾನ್ಫಿಡೆನ್ಸ್ ಬೇಕು."

ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸಂದರ್ಶನದಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಊರಿನ ಆಸ್ಪತ್ರೆಯಲ್ಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಟ್ಟು, ಡಾಕ್ಟರ ಬಳಿ ಓಡಿಹೋಗಿ ಒಪ್ಪಿಕೊಂಡದ್ದನ್ನು ನಾನು ಹೇಳಿದ್ದೆ. ಆ ಉತ್ತರಕ್ಕೇ ನಿನ್ನನ್ನು ತೆಗೆದುಕೊಂಡೆವು ಎಂದು ವಾರ್ಡಿನ ಮುಖ್ಯಸ್ಥೆ ಚಾರ್ಜ್ ನರ್ಸ್ ಆಮೇಲೆ ಹೇಳಿದ್ದಳು. ತಪ್ಪೇ ಮಾಡಿಲ್ಲ ಎನ್ನುವವರನ್ನು ಇಲ್ಲಿ ಯಾರೂ ನಂಬುವುದಿಲ್ಲ. ನಾನು ಆ ಸತ್ಯವನ್ನು ನನ್ನಲ್ಲೇ ಇಟ್ಟುಕೊಂಡೆ, ನಿಮಗೆ ನಮ್ಮ ಊರಿನ ಪೊಗರನ್ನು ಕಲಿಸಿಕೊಟ್ಟೆ. ನೀವು ಒಂದೇ ಒಂದು ಸಲ, "ಖರೇನ ಬ್ಯಾಡಾ?" ಎಂದಿರಿ. "ಖರೇನ ಬ್ಯಾಡ್ರಿ," ಎಂದೆ.

ಹೇಳಿದ್ದರೆ ಗೆಲ್ಲುತ್ತಿದ್ದಿರೋ ಇಲ್ಲವೋ ನನಗೆ ತಿಳಿಯದು. ಕೈದಿಯ ಮೇಲೆ ಕೈ ಮಾಡಿದವರನ್ನು ಇವರೂ ಬೇಡ ಎನ್ನುತ್ತಿದ್ದರೋ ಏನೋ. ಆದರೆ ಅದನ್ನು ಅವರು ಕೇಳಿ ತೀರ್ಮಾನಿಸಬೇಕಿತ್ತು. ನಾನು ಕೇಳಲು ಬಿಡಲಿಲ್ಲ.

ಸಂದರ್ಶನದಲ್ಲಿ ನಾನು ಕಲಿಸಿದಂತೆಯೇ ಹೇಳಿದಿರಿ, ಸೋತಿರಿ. ಇಲಾಖೆಯವರು ಫೋನಿನಲ್ಲಿ ಕಾರಣ ತಿಳಿಸಿದರಂತೆ: ನಿಮ್ಮಲ್ಲಿ ತಪ್ಪು ಒಪ್ಪಿಕೊಳ್ಳುವ ಗುಣ ಕಾಣಲಿಲ್ಲ. ಅದನ್ನು ನನಗೆ ಹೇಳಲು ನೀವೇ ಬಂದಿರಿ, ನನ್ನ ಶ್ರಮಕ್ಕೆಂದು ಸವಿತಾ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿಯನ್ನೂ ತಂದಿರಿ. "ನಿನ್ನ ತಪ್ಪಲ್ಲ ತಂಗೀ, ನಮ್ಮ ನಸೀಬ," ಎಂದಿರಿ. ಸವಿತಾ ಮಾತ್ರ ಆ ಕಾರಣವನ್ನು ನಂಬಲೇ ಇಲ್ಲ. ನಾನು ಆ ಹೋಳಿಗೆಯನ್ನು ತುಪ್ಪ ಹಾಕಿಕೊಂಡು ತಿಂದೆ. ಹೊಟ್ಟೆ ತಣ್ಣಗಾಯಿತು. ಹಾಗೆಯೇ ಇದ್ದೆ ನಾಲ್ಕು ವರ್ಷ — ಪಶ್ಚಾತ್ತಾಪ ಕಾಡಿತು, ನಿದ್ದೆ ಬರಲಿಲ್ಲ ಎಂದೆಲ್ಲ ಹೇಳಲಾರೆ. ಚೆನ್ನಾಗಿಯೇ ನಿದ್ದೆ ಮಾಡಿದೆ.

ಕಳೆದ ತಿಂಗಳು ಸ್ಯಾಮುವೆಲ್‌ಗೆ ಫೋನ್ ಮಾಡಿದಾಗ ಅವನು ಬಹಳ ಕುಗ್ಗಿದ್ದ. ಈಗ ಅವನು ಮದುವೆಗಳಲ್ಲಿ ಫೋಟೋ ತೆಗೆಯುತ್ತಾನೆ. ಅವತ್ತು ಯಾವುದೋ ಮದುವೆಮನೆಯಲ್ಲಿ ಒಬ್ಬಾಕೆ ಅವನನ್ನು ಕಂಡು ತನ್ನ ಪರ್ಸನ್ನು ಮಡಿಲಿಗೆ ಎಳೆದುಕೊಂಡಳಂತೆ. ಅವನಿಗೆ ಖುಷಿಯಾಗಲೆಂದು ಎಲ್ಲವನ್ನೂ ಹೇಳಿಬಿಟ್ಟೆ — ನೋಡು, ನಿನ್ನ ಹೆಸರಿನಲ್ಲಿ ಸೇಡು ತೀರಿಸಿಕೊಂಡಿದ್ದೇನೆ ಎಂದು, ಹೆಮ್ಮೆಯಿಂದಲೇ. ಅವನು ನಗುತ್ತಾನೆ ಅಂದುಕೊಂಡಿದ್ದೆ.

"ಅವ್ರಿಗೆ ನನ್ನ ಹೆಸರ ನೆನಪಿತ್ತಾ?" ಎಂದ.

ಇತ್ತು ಎಂದೆ.

"ಅಂವ ಕದ್ದಿಲ್ಲ ಅಂತ ಅವರ ಬಾಯಿಲೆ ಅಂದ್ರಾ?"

ಅಂದರು ಎಂದೆ.

"ಮತ್ತ ನೀ ಯಾಕ ಬಾಯಿ ಮುಚ್ಚಿಸಿದಿ ಅಕ್ಕಾ? ನಾಕ ವರ್ಷ ನನಗ ಯಾಕ ಹೇಳಲಿಲ್ಲ?" ಅವನ ದನಿ ಏರಲಿಲ್ಲ. "ನಾ ಅವರ ನೌಕರಿ ಕೇಳಿದ್ದಿಲ್ಲ. ಅದೊಂದ ಮಾತ ಬೇಕಿತ್ತು. ಅವ್ವ ಕೇಳಿ ಹೋಗ್ತಿದ್ಲು."

ಅವ್ವ ತೀರಿಕೊಂಡು ಎರಡು ವರ್ಷ, ಸರ್. ನೀವು ನನ್ನ ಮೇಜಿನ ಮುಂದೆ ಆ ಮಾತು ಆಡಿದಾಗ ಅವಳು ಬದುಕಿದ್ದಳು. ಒಂದು ಫೋನ್ ಸಾಕಿತ್ತು. ಮಗ ಕಳ್ಳನಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೆ ಹೊಡೆದವರ ಬಾಯಿಂದ ಅದನ್ನು ಕೇಳುವುದೇ ಬೇರೆ… ನಿಮ್ಮನ್ನು ಕೆಡವುವ ಭರದಲ್ಲಿ ನಾನು ಅವಳನ್ನು ನೆನೆಯಲೇ ಇಲ್ಲ.

ನಾನು ನಿಮ್ಮ ಕ್ಷಮೆ ಕೇಳುತ್ತಿಲ್ಲ. ನಿಮ್ಮನ್ನು ಕ್ಷಮಿಸಿಯೂ ಇಲ್ಲ, ಆ ಠಾಣೆಯ ನೆನಪಾದರೆ ಈಗಲೂ ಹಲ್ಲು ಕಚ್ಚುತ್ತೇನೆ. ಆದರೆ ನಾನು ಮಾಡಿದ್ದು ನನ್ನದೇ, ಅದನ್ನು ನಿಮ್ಮ ತಲೆಗೆ ಕಟ್ಟಲಾರೆ. ಈ ಭಾನುವಾರ ಈ ಪತ್ರವನ್ನು ನಾನೇ ತಂದು, ಸವಿತಾಳ ಎದುರಿಗೇ, ನಿಮ್ಮ ಕೈಗೆ ಕೊಡುತ್ತೇನೆ. ನೀವು ಮತ್ತೆ ಅರ್ಜಿ ಹಾಕುತ್ತೀರಂತೆ. ಹಾಕಿ. ನಾನು ಕಲಿಸಿದ್ದನ್ನು ಮರೆತು ನಿಮ್ಮ ಉತ್ತರವನ್ನೇ ಕೊಡಿ. ಅದಕ್ಕೆ ಮೊದಲು ಸ್ಯಾಮುವೆಲ್‌ಗೆ ಫೋನ್ ಮಾಡಿ, ಅವನು ಕಾಯುತ್ತಿದ್ದಾನೆ. ಆ ಮಾತು ಮೊದಲು ಅವನಿಗೆ ಸಲ್ಲಬೇಕು. ಅವ್ವನಿಗೆ ಸಲ್ಲಬೇಕಾದದ್ದನ್ನು ನಾನು ತಿಂದುಬಿಟ್ಟೆ.