ಮೆಷಿನ್ನಿನ ಪಾಲಿನ ಮಾತ್ರೆ

ನಮ್ಮ ಭಾವ ದರ್ಜಿ. ಷರಟಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ. ಅಂಥವರು ಇದ್ದಕ್ಕಿದ್ದಂತೆ ಒಂದೇ ಕಾಲರಿನಲ್ಲಿ ಎರಡು ಕುತ್ತಿಗೆ ಹಿಡಿಸುವಷ್ಟು ಸಡಿಲವಾಗಿ ಹೊಲಿಯತೊಡಗಿದರು. ಕೇಳಿದರೆ, ಸರಿಯಾದ ಅಳತೆ ಶತ್ರುಗಳಿಗೆ ಸಿಕ್ಕಿದರೆ ಗಿರಾಕಿಗಳ ಜೀವಕ್ಕೇ ಅಪಾಯ ಎಂದು ಹೊಲಿಗೆ ಮೆಷಿನ್ನು ಎಚ್ಚರಿಸುತ್ತಿದೆಯಂತೆ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು.

ಅಕ್ಕ ಹರಸಾಹಸ ಮಾಡಿ ಮನೋವೈದ್ಯೆಯ ಬಳಿಗೆ ಕರೆದೊಯ್ದಳು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಹಾವಳಿ ಹೆಚ್ಚಾದರೆ ಇಲ್ಲದ ದನಿ ಕೇಳಿಸುವುದುಂಟು. ಮಾತ್ರೆ ಅದನ್ನು ಹದಕ್ಕೆ ತರುತ್ತದೆ. ಎಲ್ಲರಿಗೂ ಒಂದೇ ಸಮ ಒಗ್ಗುವುದಿಲ್ಲ, ಕಾದು ನೋಡಬೇಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದಿನಕ್ಕೆ ಎರಡು ಮಾತ್ರೆ. ಹುಷಾರಾಯಿತೆಂದು ತಾವಾಗಿಯೇ ಬಿಟ್ಟುಬಿಟ್ಟರೆ ದನಿ ಮರಳಬಹುದು ಎಂದೂ ಸೇರಿಸಿದರು. ಆ ಮಾತು ಅಕ್ಕನ ಎದೆಯಲ್ಲಿ ಕೂತುಬಿಟ್ಟಿತು.

ಮನೆಗೆ ಬಂದ ಭಾವ ಪಟ್ಟು ಹಿಡಿದರು. "ಮಾತಾಡ್ತಿರೋದು ಮೆಷಿನ್ನು. ಹುಷಾರಿಲ್ಲದಿರೋದೂ ಅದಕ್ಕೇ. ಮಾತ್ರೆ ನಂಗ್ಯಾಕೆ?"

"ಆಯ್ತು, ಇಬ್ರೂ ಒಂದೊಂದು ತಗೊಳ್ಳಿ," ಎಂದಳು ಅಕ್ಕ.

ಅಂದಿನಿಂದ ಊಟವಾದ ಮೇಲೆ ಭಾವ ಒಂದು ನುಂಗುವುದು. ಇನ್ನೊಂದನ್ನು ಅಕ್ಕ ಪುಡಿಮಾಡಿ, ಎಣ್ಣೆಯಲ್ಲಿ ಕಲಸಿ, ಮೆಷಿನ್ನಿನ ಎಣ್ಣೆ ತೂತಿಗೆ ಬಿಡುವುದು. ನನಗೆ ಮೈಯೆಲ್ಲ ಉರಿಯಿತು. ಹಾಕಿದ ಹಾಗೆ ನಟಿಸಬಾರದೇ ಎಂದೆ. "ಪಕ್ಕದಲ್ಲೇ ನಿಂತು ನೋಡ್ತಾರೆ ಕಣೇ," ಎಂದಳು.

ಮೆಷಿನ್ನು ಕಚ್ಚಿಕೊಂಡಿತು. ರಿಪೇರಿಯವನು ಒಳಗಿನ ಬಿಳಿ ಅಂಟನ್ನು ಕೆರೆಯುತ್ತ, "ಇದಕ್ಕೇನು ತಿನ್ನಿಸ್ತೀರಮ್ಮ?" ಎಂದ.

"ಡಾಕ್ಟರು ಬರೆದುಕೊಟ್ಟಿದ್ದು," ಎಂದರು ಭಾವ, ಗಂಭೀರವಾಗಿ.

ದನಿ ಕುಗ್ಗಿತು, ಹೋಗಲಿಲ್ಲ. ಕಾಲರ್ ಒಂದೂವರೆ ಕುತ್ತಿಗೆಗೆ ಬಂದು ನಿಂತಿತು. ಈ ಮಾತ್ರೆ ಇವರಿಗೆ ಒಗ್ಗುತ್ತಿಲ್ಲ, ಬದಲಿಸೋಣ ಎಂದು ಡಾಕ್ಟರಮ್ಮ ಪೆನ್ನು ತೆಗೆದಾಗ ಅಕ್ಕ ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಬಯ್ಯುತ್ತಾರೆಂದು ನಾನು ಬಾಗಿಲ ಕಡೆ ನೋಡಿದೆ.

"ಮೆಷಿನ್ನಿಗೆ ಈಗ ಹೇಗಿದೆ?" ಎಂದರು ಡಾಕ್ಟರಮ್ಮ.

"ಮೊದಲಿಗಿಂತ ಪರವಾಗಿಲ್ಲ," ಎಂದರು ಭಾವ.

"ಹಾಗಿದ್ರೆ ಅದಕ್ಕೆ ಒಂದು ಸಾಕು. ನಿಮಗೆ ಎರಡು."

ಕೆಲವು ವಾರಗಳಲ್ಲಿ ಕಾಲರುಗಳು ಒಂದೊಂದು ಕುತ್ತಿಗೆಗೆ ಇಳಿದವು. ಒಂದು ಸಂಜೆ ಅಕ್ಕ ಮೆಷಿನ್ನಿನ ಮಾತ್ರೆ ಪುಡಿಮಾಡಲು ಕೂತಾಗ ಭಾವ ಅವಳ ಕೈ ಹಿಡಿದರು.

"ಇನ್ನು ಬೇಡ ಬಿಡು."

ಅಕ್ಕನಿಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಇವತ್ತು ಮೆಷಿನ್ನಿನದು, ನಾಳೆ ಇವರದೂ ನಿಲ್ಲುತ್ತದೆ ಎಂದುಕೊಂಡಳು. ನಾನೂ ಅದನ್ನೇ ಅಂದುಕೊಂಡೆ.

ಭಾವ ತಮ್ಮ ಎರಡನ್ನೂ ನುಂಗಿ ನೀರು ಕುಡಿದರು. ಆಮೇಲೆ ಮೆಷಿನ್ನಿಗೆ ಬರೀ ಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿದರು.

"ಪಾಪ, ಅದು ಯಾವತ್ತೂ ಮಾತಾಡಿರ್ಲಿಲ್ಲ ಕಣೇ. ಕಾಯಿಲೆ ನಂದು."